ಆರು ವಾರದಲ್ಲಿ ಕೂದಲು!

ತ್ರಿಶೂರು ಜಿಲ್ಲೆಯ ಗಿರಾಕಿಯೊಬ್ಬರು 2012ರಲ್ಲಿ 376 ರೂಪಾಯಿ ತೆತ್ತು ಧಾತ್ರಿ ಕಂಪೆನಿಯ ಕೂದಲ ಕ್ರೀಮು ಕೊಂಡರು. ಆರು ವಾರ ಹಚ್ಚಿದರೆ ಕೂದಲು ಬೆಳೆಯುವುದೆಂಬ ಜಾಹೀರಾತಿನಲ್ಲಿ ಚಿತ್ರನಟ ಅನೂಪ್ ಮೇನೋನರ ಮುಖವಿತ್ತು. ವಾರಗಳು ಕಳೆದವು, ಕೂದಲು ಬರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಇಷ್ಟಕ್ಕೇ ಕುಪ್ಪಿಯನ್ನು ಹಿತ್ತಿಲಿಗೆಸೆದು ಸುಮ್ಮನಾಗುತ್ತೇವೆ. ಬೋಳುತಲೆಗಾಗಿ ವ್ಯಾಜ್ಯ ಹೂಡಿದರೆ ನಗುವವರೇ ಹೆಚ್ಚಲ್ಲವೆ? ಈ ಮಹನೀಯರು ಮಾತ್ರ ಜಿಲ್ಲಾ ಬಳಕೆದಾರರ ವೇದಿಕೆಯ ಮೆಟ್ಟಿಲೇರಿದರು. ತಾವು ಆ ಕ್ರೀಮನ್ನು ಬಳಸಿಲ್ಲ, ಹಚ್ಚುವುದು ತಾಯಿ ಕಾಯಿಸಿಕೊಡುವ ಎಣ್ಣೆಯನ್ನೇ ಎಂದು ನಟರು ವಿಚಾರಣೆಯಲ್ಲಿ ಒಪ್ಪಿಕೊಂಡರು! 2020ರ ಡಿಸೆಂಬರಿನಲ್ಲಿ ತೀರ್ಪು ಬಂತು: ಕಂಪೆನಿಗೂ ನಟರಿಗೂ ತಲಾ 10,000 ರೂಪಾಯಿ ದಂಡ.

ಹಾಗಾದರೆ ಎಣ್ಣೆಯಿಂದ ಕೂದಲು ಬಂತೆನ್ನುವವರೆಲ್ಲ ಸುಳ್ಳುಗಾರರೆ? ಅಲ್ಲ. ಟೈಫಾಯಿಡ್, ಡೆಂಗಿಯಂಥ ಜ್ವರ ಬಿಟ್ಟು ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಮೇಲೂ, ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಹೆದರಿದ ಮನೆಯವರು ಸಿಕ್ಕಿದ ಎಣ್ಣೆ ತರುತ್ತಾರೆ. ಆ ಕೂದಲು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ಮರಳಿ ಚಿಗುರುವಂಥದು. ಚಿಗುರಿದಾಗ ಕೀರ್ತಿ ಕುಪ್ಪಿಗೆ! ಹೀಗೆ ಪ್ರಾಮಾಣಿಕರ ಬಾಯಿಂದಲೇ ವ್ಯಾಪಾರ ನಡೆಯುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ ಆದರೂ ಬಾಚಣಿಗೆಯ ಕೂದಲನ್ನು ರೋಗವೆಂದು ತೋರಿಸುವ ಚಿತ್ರಗಳಿಗೆ ಕೊರತೆಯಿಲ್ಲ.

ವಂಶದಿಂದ ಬಂದ ಬೋಳಿನ ಮಾತೇ ಬೇರೆ. ಅದಕ್ಕೆ ಮಿನಾಕ್ಸಿಡಿಲ್‌ನಂಥ ಔಷಧಿ ಇದೆ. ಕೆಲವರಿಗೆ ತಕ್ಕಮಟ್ಟಿಗೆ ಫಲ ಕೊಡುತ್ತದೆ. ಆದರೆ ತಿಂಗಳುಗಟ್ಟಲೆ ಹಚ್ಚಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಥೈರಾಯ್ಡ್ ತೊಂದರೆಯಿಂದಲೋ ರಕ್ತದಲ್ಲಿ ಕಬ್ಬಿಣದ ಕೊರತೆಯಿಂದಲೋ ಉದುರುತ್ತಿದ್ದರೆ ಮೂಲಕ್ಕೆ ಮದ್ದಾಗಬೇಕು. ಕಾರಣವನ್ನೇ ಕೇಳದೆ ಎಲ್ಲರ ತಲೆಗೂ ಒಂದೇ ಕುಪ್ಪಿ ಕೊಡುವವನನ್ನು ನಂಬುವುದು ಹೇಗೆ?

ಗಡಿನಾಡಿನ ನಮಗೆ ಇನ್ನೊಂದು ತೊಡಕು. ತಮಿಳುನಾಡಿನ ತೇವಾರಂ, ಕಂಬಂ ಕಣಿವೆಯ ಊರುಗಳಲ್ಲೂ ಕನ್ನಡ ಮನೆಮಾತಿನ ಒಕ್ಕಲಿಗ ಕುಟುಂಬಗಳಿವೆ. ಅವರ ಮುಂದೆ ಜಾಹೀರಾತು ತಮಿಳಿನಲ್ಲಿ ಬಂದರೆ ನಮ್ಮ ಮುಂದೆ ಮಲಯಾಳದಲ್ಲಿ ಬರುತ್ತದೆ. ಆಡಿದ ಮಾತು ಕಿವಿಗೆ ತಿಳಿಯುತ್ತದೆ. ‘ಫಲಿತಾಂಶ ಎಲ್ಲರಿಗೂ ಒಂದೇ ಅಲ್ಲ’ ಎಂದು ಅಡಿಯಲ್ಲಿ ಇರುವೆಗಾತ್ರದಲ್ಲಿ ಅಚ್ಚಾದದ್ದನ್ನು ಮನೆಯ ಹಿರಿಯರು ಓದುವುದೆಂತು? ಶಾಲೆಗೆ ಹೋಗುವ ಮಕ್ಕಳಿಂದ ಅದನ್ನು ಮೊದಲು ಓದಿಸಿಕೊಳ್ಳಿ. ಮುಂಚಿನ ತಲೆ, ಈಗಿನ ತಲೆ ಎಂಬ ಜೋಡಿಚಿತ್ರದಲ್ಲಿ ಬೆಳಕೂ ಬಾಚಿದ ರೀತಿಯೂ ಒಂದೇ ಇದೆಯೇ, ನೋಡಿ.

2019ರ ಬಳಕೆದಾರರ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಬಿಲ್ಲು, ಕುಪ್ಪಿ, ಜಾಹೀರಾತಿನ ತುಂಡು ಮೂರನ್ನೂ ತೆಗೆದಿಡಿ. ದೂರನ್ನು ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ವಿಚಾರಿಸಬೇಕೆನಿಸಿದರೆ ರಾಷ್ಟ್ರೀಯ ಬಳಕೆದಾರರ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.