ಬಾಡಿಗೆ ಮತ್ತು ಭೋಗ್ಯದ ಆಸ್ತಿಗಳ ದಾಖಲೆ ಪರಿಶೀಲನೆಯಲ್ಲಿ ಕೃತಕ ಬುದ್ಧಿಮತ್ತೆಯ ಏಜೆಂಟ್ ಬಳಕೆ: ಸಾರ್ವಜನಿಕರಿಗೆ ಮಾಹಿತಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮನೆ ಅಥವಾ ಮಳಿಗೆಯನ್ನು ಬಾಡಿಗೆಗೆ, ಭೋಗ್ಯಕ್ಕೆ ಪಡೆಯುವವರು ಮುಂಗಡ ಹಣ ನೀಡುವ ಮುನ್ನ ಪಹಣಿ, ಖಾತೆ ಮತ್ತು ಋಣಭಾರ ಪ್ರಮಾಣ ಪತ್ರವನ್ನು ನೋಡುವುದು ವಾಡಿಕೆ. ಇತ್ತೀಚೆಗೆ ಈ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂಬ ತಂತ್ರಾಂಶಕ್ಕೆ ವಹಿಸುವುದು ಕಂಡುಬರುತ್ತಿದೆ. ಏಜೆಂಟ್ ಎಂದರೆ ಇಲ್ಲಿ ಮನೆ ತೋರಿಸುವ ದಲ್ಲಾಳಿಯಲ್ಲ. ನಾವು ಬರೆದು ಕೇಳಿದ ಪ್ರಶ್ನೆಗೆ ತಾನೇ ಮಾಹಿತಿ ಹುಡುಕಿ ಉತ್ತರಿಸುವ ತಂತ್ರಾಂಶ. ಇಂತಹ ತಂತ್ರಾಂಶವು ದಾಖಲೆಗಳನ್ನು ಹೇಗೆ ತಲುಪುತ್ತದೆ ಮತ್ತು ಅದರ ಉತ್ತರವನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

ಏಜೆಂಟ್ ದಾಖಲೆಯನ್ನು ಎಲ್ಲಿಂದ ತರುತ್ತದೆ?

ಏಜೆಂಟ್‌ನೊಳಗೆ ನಮ್ಮ ಊರಿನ ಆಸ್ತಿ ದಾಖಲೆಗಳು ಇರುವುದಿಲ್ಲ. ಪ್ರತಿ ಪ್ರಶ್ನೆಗೂ ಅದು ಹೊರಗಿನ ಒಂದು ದತ್ತಾಂಶ ಸೇವೆಯನ್ನು ಕೇಳಿ ಪಡೆಯಬೇಕು. ಹೀಗೆ ಎರಡು ತಂತ್ರಾಂಶಗಳು ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಳ್ಳುವ ಬಾಗಿಲಿಗೆ ಎಪಿಐ ಎನ್ನುತ್ತಾರೆ. ಯಾರು, ಯಾವ ಮಾಹಿತಿಯನ್ನು, ದಿನಕ್ಕೆ ಎಷ್ಟು ಬಾರಿ ಕೇಳಬಹುದೆಂಬುದನ್ನು ಸೇವೆಯ ಒಡೆತನ ಹೊಂದಿದವರು ನಿರ್ಧರಿಸಿ ಅನುಮತಿ ನೀಡುತ್ತಾರೆ. ಏಜೆಂಟ್‌ಗಳು ಇಂತಹ ಸೇವೆಗಳೊಡನೆ ಒಂದೇ ರೀತಿಯಲ್ಲಿ ವ್ಯವಹರಿಸಲು ಅನುವಾಗುವಂತೆ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಮಾನಕವೊಂದು ಪ್ರಕಟವಾಯಿತು. ಇದರಿಂದ ಜೋಡಣೆಯ ಶ್ರಮ ಕಡಿಮೆಯಾಗಿದೆ. ಆದರೆ ಜೋಡಿಸಿದ ಮಾತ್ರಕ್ಕೆ, ದಾಖಲೆಯಲ್ಲಿ ಇಲ್ಲದ ವಿಷಯ ಸೇರಿಕೊಳ್ಳುವುದಿಲ್ಲ.

ಗಮನಿಸಬೇಕಾದ ಮೊದಲ ಅಂಶವೆಂದರೆ, ಒಂದು ಮನೆಯ ಕುರಿತ ದಾಖಲೆಗಳು ಒಂದೇ ಕಡೆ ಇಲ್ಲ. ಕೃಷಿ ಜಮೀನಿನ ಪಹಣಿ ಭೂಮಿ ತಂತ್ರಾಂಶದಲ್ಲಿದೆ. ಗ್ರಾಮ ಪಂಚಾಯತಿ ವ್ಯಾಪ್ತಿಯ ಮನೆ ನಿವೇಶನಗಳ ನಮೂನೆ 9 ಮತ್ತು 11 ಇ-ಸ್ವತ್ತುವಿನಲ್ಲಿ, ಪಟ್ಟಣ ವ್ಯಾಪ್ತಿಯ ಸ್ವತ್ತುಗಳ ಖಾತೆ ಇ-ಆಸ್ತಿಯಲ್ಲಿ ಇವೆ. ನೋಂದಣಿಯಾದ ಪತ್ರಗಳು ಕಾವೇರಿ ತಂತ್ರಾಂಶದಲ್ಲಿ ದೊರೆಯುತ್ತವೆ. ಒಂದನ್ನು ಮಾತ್ರ ನೋಡಿ ಉತ್ತರಿಸುವ ಏಜೆಂಟ್, ಉಳಿದವುಗಳನ್ನು ನೋಡಿಲ್ಲವೆಂದು ತಾನಾಗಿ ಹೇಳದಿರಬಹುದು. ಆದುದರಿಂದ ಯಾವ ಸೇವೆಯಿಂದ, ಯಾವ ದಿನಾಂಕದಂದು ಮಾಹಿತಿ ಪಡೆಯಿತೆಂದು ಅದನ್ನು ಮೊದಲು ಕೇಳತಕ್ಕದ್ದು.

ನಮೂನೆ 16 ಬಂದರೆ ಆಸ್ತಿ ಋಣಮುಕ್ತವೇ?

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಪ್ರಶ್ನೆಯಲ್ಲಿಯೇ. ಋಣಭಾರ ಶೋಧನೆಯಲ್ಲಿ ವಹಿವಾಟುಗಳು ಕಂಡುಬಂದಲ್ಲಿ ನಮೂನೆ 15 ಹಾಗೂ ಯಾವುದೂ ಕಂಡುಬಾರದಿದ್ದಲ್ಲಿ ನಮೂನೆ 16 ನೀಡಲಾಗುತ್ತದೆ. ನಮೂನೆ 16 ಹೇಳುವುದು ಇಷ್ಟು ಮಾತ್ರ: ಕೇಳಿದ ಅವಧಿಯಲ್ಲಿ, ಕೇಳಿದ ವಿವರಣೆಯ ಆಸ್ತಿಗೆ ಸಂಬಂಧಿಸಿ ನೋಂದಣಿಯಾದ ಪತ್ರ ಸಿಗಲಿಲ್ಲ. ಏಜೆಂಟ್ ಇದನ್ನು "ಆಸ್ತಿಯ ಮೇಲೆ ಯಾವ ಸಾಲವೂ ಇಲ್ಲ, ಯಾವ ಬಾಡಿಗೆದಾರರೂ ಇಲ್ಲ" ಎಂದು ಸಂಕ್ಷೇಪಿಸಿದರೆ ಅರ್ಥವೇ ಬದಲಾಗುತ್ತದೆ.

1908ರ ನೋಂದಣಿ ಅಧಿನಿಯಮದ 17ನೇ ಪ್ರಕರಣದ ಪ್ರಕಾರ ಒಂದು ವರ್ಷಕ್ಕೆ ಮೀರಿದ ಅವಧಿಯ ಗುತ್ತಿಗೆ ಪತ್ರಗಳ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಬಾಡಿಗೆ ಕರಾರು ಎಲ್ಲೆಡೆ ಬಳಕೆಗೆ ಬಂದಿರುವುದು ಈ ಕಾರಣದಿಂದಲೇ. ಅದು ನೋಂದಣಿಗೆ ಬರುವುದಿಲ್ಲ. ಋಣಭಾರ ಪತ್ರದಲ್ಲಿಯೂ ಕಾಣುವುದಿಲ್ಲ. ಬಾಡಿಗೆ ಮಾರುಕಟ್ಟೆಯ ಬಹುಭಾಗ ಹೀಗೆ ದಾಖಲೆಯ ಹೊರಗೇ ನಡೆಯುತ್ತಿರುವಾಗ, ಎಷ್ಟೇ ಚುರುಕಾದ ತಂತ್ರಾಂಶವೂ ಅದನ್ನು ಹೊರತೆಗೆಯಲಾರದು.

ಭೋಗ್ಯದ ವಿಷಯ ಇನ್ನೂ ಗಂಭೀರವಾದದ್ದು. ನಮ್ಮ ಭಾಗದಲ್ಲಿ ಮಾಲೀಕರಿಗೆ ಇಡಿಗಂಟಾಗಿ ಹಣ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಹಣ ಹಿಂಪಡೆಯುವ ಪದ್ಧತಿ ಇದೆ. ಒಂದು ಕುಟುಂಬದ ಹಲವು ವರ್ಷಗಳ ಉಳಿತಾಯ ಹೀಗೆ ಒಂದೇ ಕಡೆ ಸೇರಿರುತ್ತದೆ. ಆಸ್ತಿ ವರ್ಗಾವಣೆ ಅಧಿನಿಯಮದ 59ನೇ ಪ್ರಕರಣದ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣಕ್ಕೆ ಭೋಗ್ಯ ಆಧಾರ ಮಾಡಿಕೊಡಬೇಕಾದರೆ ನೋಂದಾಯಿತ ಪತ್ರವೇ ಬೇಕು. ಛಾಪಾ ಕಾಗದದ ಮೇಲೆ ಬರೆದು ಸಾಕ್ಷಿ ಹಾಕಿಸಿದ ಪತ್ರ ಹಣ ಕೊಟ್ಟುದಕ್ಕೆ ಪುರಾವೆಯಾಗಬಹುದೇ ಹೊರತು ಮನೆಯ ಮೇಲೆ ಹಕ್ಕನ್ನು ಕೊಡುವುದಿಲ್ಲ. ಅದೇ ಮನೆಯನ್ನು ಮಾಲೀಕರು ಮೊದಲೇ ಮತ್ತೊಬ್ಬರಿಗೆ ಇಂತಹುದೇ ಪತ್ರದ ಮೇಲೆ ಭೋಗ್ಯಕ್ಕೆ ಕೊಟ್ಟಿದ್ದರೆ ಯಾವ ಶೋಧನೆಯಲ್ಲಿಯೂ ಅದು ತಿಳಿಯದು.

ಬ್ಯಾಂಕ್ ಸಾಲದ್ದೂ ಇದೇ ಕಥೆ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಒಪ್ಪಿಸಿ ಪಡೆದ ಸಾಲಕ್ಕೆ ಕಾನೂನಿನಲ್ಲಿ ನೋಂದಣಿ ಕಡ್ಡಾಯವಿಲ್ಲ. ಇಂತಹ ಅಡಮಾನಗಳಿಗೆಂದು ಸರ್ಸೈ ಎಂಬ ಕೇಂದ್ರೀಯ ನೋಂದಣಿ ವ್ಯವಸ್ಥೆ 2011ರಿಂದ ಕೆಲಸ ಮಾಡುತ್ತಿದ್ದು, ಶುಲ್ಕ ಪಾವತಿಸಿ ಸಾರ್ವಜನಿಕರೂ ಅಲ್ಲಿ ಶೋಧಿಸಬಹುದು. ಭೋಗ್ಯದ ಮೊತ್ತ ದೊಡ್ಡದಾಗಿದ್ದಲ್ಲಿ ಈ ಶುಲ್ಕ ಉಳಿಸಲು ಹೋಗದಿರುವುದು ಲೇಸು. ಮೂಲ ಕ್ರಯಪತ್ರವನ್ನು ತೋರಿಸುವಂತೆ ಮಾಲೀಕರನ್ನು ಕೇಳುವುದಂತೂ ಖರ್ಚಿಲ್ಲದ ಪರೀಕ್ಷೆ. ನಕಲು ಪ್ರತಿಯನ್ನಷ್ಟೇ ತೋರಿಸಿ ಅಸಲು ಬೀಗರ ಮನೆಯಲ್ಲಿದೆ ಎಂದರೆ ಅಲ್ಲಿಗೇ ನಿಲ್ಲಿಸಬಹುದು.

ಆಸ್ತಿಯ ವಿವರಣೆಯಲ್ಲಿನ ವ್ಯತ್ಯಾಸ

ಹಳ್ಳಿಯ ಮನೆಯೊಂದು ಹಳೆಯ ಪತ್ರದಲ್ಲಿ ಖಾನೇಷುಮಾರಿ ನಂಬರಿನಿಂದಲೂ, ನಂತರದ ಪತ್ರದಲ್ಲಿ ಪಂಚಾಯತಿ ಖಾತಾ ಸಂಖ್ಯೆಯಿಂದಲೂ, ಈಗ ಇ-ಸ್ವತ್ತು ಸಂಖ್ಯೆಯಿಂದಲೂ ಗುರುತಿಸಲ್ಪಟ್ಟಿರಬಹುದು. ಏಜೆಂಟ್ ಒಂದೇ ಸಂಖ್ಯೆಯಿಂದ ಹುಡುಕಿದರೆ ಉಳಿದ ಪತ್ರಗಳು ತಪ್ಪಿಹೋಗುತ್ತವೆ. ತಾಲ್ಲೂಕಿನ ಹೆಸರೂ ಹೀಗೆಯೇ. ಸರಗೂರು ಮೊದಲು ಹೆಗ್ಗಡದೇವನಕೋಟೆಗೂ, ಸಾಲಿಗ್ರಾಮ ಕೃಷ್ಣರಾಜನಗರಕ್ಕೂ ಸೇರಿದ್ದು, ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಹಳೆಯ ಪತ್ರಗಳಲ್ಲಿ ಹಳೆಯ ತಾಲ್ಲೂಕೇ ಇರುತ್ತದೆ. ಪಿರಿಯಾಪಟ್ಟಣವನ್ನು ಬೇರೆ ಲಿಪಿಯಲ್ಲಿ ನಾಲ್ಕಾರು ಬಗೆಯಾಗಿ ಬರೆಯುವುದನ್ನು ಹೇಳಬೇಕಾಗಿಯೇ ಇಲ್ಲ. ಇವೆಲ್ಲಕ್ಕೂ ಮೀರಿ ಆಸ್ತಿಯನ್ನು ಖಚಿತವಾಗಿ ಗುರುತಿಸುವುದು ಚೆಕ್ಕುಬಂದಿ. ಪತ್ರದಲ್ಲಿನ ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನು ಸ್ಥಳದಲ್ಲಿ ನಿಂತು ಹೋಲಿಸಿ ನೋಡುವ ಕೆಲಸವನ್ನು ಅರ್ಜಿದಾರರೇ ಮಾಡಬೇಕು.

ಹೊಗೆಸೊಪ್ಪಿನ ಬ್ಯಾರನ್ ಮತ್ತು ಜಮೀನು

ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಪ್ರಮುಖ ವಾಣಿಜ್ಯ ಬೆಳೆಯಾದುದರಿಂದ, ಸೊಪ್ಪು ಹದ ಮಾಡುವ ಬ್ಯಾರನ್ನುಗಳ ಕುರಿತೂ ಪ್ರಶ್ನೆಗಳು ಏಳುತ್ತವೆ. ಬ್ಯಾರನ್ ನಿಂತಿರುವ ಜಮೀನಿನ ಪಹಣಿ ಭೂಮಿಯಲ್ಲಿ ಸಿಕ್ಕರೂ, ಬೆಳೆಗಾರರ ನೋಂದಣಿ ಹಾಗೂ ಬ್ಯಾರನ್ ಪರವಾನಗಿ 1975ರ ತಂಬಾಕು ಮಂಡಳಿ ಅಧಿನಿಯಮದಡಿ ಮಂಡಳಿಯ ದಾಖಲೆಗೆ ಸೇರಿದ ವಿಷಯ. ಕಟ್ಟೆಮಳಲವಾಡಿ ಅಥವಾ ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಹಕ್ಕು ಪಹಣಿಯಿಂದ ಬರುವುದಿಲ್ಲ. ಈ ಕುರಿತು ಮಂಡಳಿಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಕೃಷಿ ಜಮೀನನ್ನು ಗುತ್ತಿಗೆಗೆ ಪಡೆಯುವ ಬಗ್ಗೆ ಏಜೆಂಟ್ ಬೇರೆ ರಾಜ್ಯಗಳ ಮಾದರಿ ಕರಾರನ್ನು ಬರೆದುಕೊಟ್ಟರೆ ಸಹಿ ಮಾಡಬಾರದು. 1961ರ ಕರ್ನಾಟಕ ಭೂ ಸುಧಾರಣಾ ಅಧಿನಿಯಮದ 5ನೇ ಪ್ರಕರಣವು ಸೈನಿಕರೇ ಮೊದಲಾದ ಕೆಲವು ವಿನಾಯಿತಿಗಳನ್ನುಳಿದು ಕೃಷಿ ಜಮೀನಿನ ಗೇಣಿಯನ್ನು ನಿಷೇಧಿಸಿದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ 2006ರ ಅರಣ್ಯ ಹಕ್ಕು ಅಧಿನಿಯಮದಡಿ ದೊರೆತ ಭೂಮಿ ವಾರಸುದಾರರಿಗೆ ಸಲ್ಲುತ್ತದೆ, ಪರಭಾರೆಗೆ ಅವಕಾಶವಿಲ್ಲ.

ಸ್ವಯಂಚಾಲಿತ ಶೋಧನೆಗೆ ನಿರ್ಬಂಧವೇಕೆ?

ಜಾಲತಾಣದಲ್ಲಿ ಚಿತ್ರದಲ್ಲಿನ ಅಕ್ಷರಗಳನ್ನು ನಮೂದಿಸುವಂತೆ, ಮೊಬೈಲಿಗೆ ಬಂದ ಓಟಿಪಿ ನೀಡುವಂತೆ ಕೇಳುವುದು ಕಿರಿಕಿರಿಯೆಂದು ಹಲವರು ಹೇಳುತ್ತಾರೆ. ಅದಕ್ಕೆ ಕಾರಣವುಂಟು. 2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ದುರುದ್ದೇಶದ ಸ್ವಯಂಚಾಲಿತ ದಾಳಿ ನಡೆಯಿತು. ನಕಲಿ ಖಾತೆಗಳಿಂದ ಋಣಭಾರ ಶೋಧನೆಯ ಬೇಡಿಕೆಗಳನ್ನು ಭಾರಿ ಪ್ರಮಾಣದಲ್ಲಿ ಕಳುಹಿಸಿದ್ದರಿಂದ ರಾಜ್ಯದಾದ್ಯಂತ ನೋಂದಣಿ ಕಾರ್ಯ ಅಸ್ತವ್ಯಸ್ತವಾಯಿತು. ಕ್ರಯಪತ್ರ ಮಾಡಿಸಲು ಊರಿಂದ ಬಂದವರು ಕಚೇರಿಯಲ್ಲಿ ಕಾಯ್ದು ಹಿಂದಿರುಗುವಂತಾಯಿತು. ಸದುದ್ದೇಶದ ಏಜೆಂಟ್ ಕೂಡ ಅನುಮತಿಯಿಲ್ಲದೆ ನಿಮಿಷಕ್ಕೆ ನೂರಾರು ಬಾರಿ ಬಾಗಿಲು ತಟ್ಟಿದರೆ ಎದುರಿಗಿರುವ ಗಣಕಯಂತ್ರಕ್ಕೆ ಅದರ ಉದ್ದೇಶ ತಿಳಿಯುವುದಿಲ್ಲ.

ಹೀಗಿರುವಾಗ ಸಾಮಾನ್ಯ ಅರ್ಜಿದಾರರಿಗೆ ಸೂಕ್ತವಾದ ಮಾರ್ಗವೆಂದರೆ ತಮ್ಮ ಖಾತೆಯಿಂದ ತಾವೇ ಪ್ರವೇಶಿಸಿ, ನಿಗದಿತ ಶುಲ್ಕ ಪಾವತಿಸಿ, ಡಿಜಿಟಲ್ ಸಹಿಯುಳ್ಳ ಪ್ರಮಾಣ ಪತ್ರವನ್ನು ಪಡೆದು, ಬಳಿಕ ಅದನ್ನು ಓದಿ ವಿವರಿಸಲು ಏಜೆಂಟ್‌ಗೆ ನೀಡುವುದು. ಆಧಾರ್ ಸಂಖ್ಯೆ ಹಾಗೂ ಅನ್ಯರ ಹೆಸರು ವಿಳಾಸಗಳಿರುವ ಪುಟಗಳನ್ನು ಅದಕ್ಕೆ ನೀಡದಿರುವುದು ಒಳ್ಳೆಯದು. ಬಳಕೆದಾರರ ಗುಪ್ತಪದ ಮತ್ತು ಓಟಿಪಿಯನ್ನು ಯಾವ ಸಂದರ್ಭದಲ್ಲಿಯೂ ಹಂಚಿಕೊಳ್ಳತಕ್ಕದ್ದಲ್ಲ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಸಾಲ ನಮೂದಾಗಿದೆ, ನಮೂನೆ 15ರ ಹತ್ತು ವಹಿವಾಟುಗಳಲ್ಲಿ ಯಾವುದು ಇನ್ನೂ ತೀರುವಳಿಯಾಗಿಲ್ಲ ಎಂಬುದನ್ನು ಸರಳ ಕನ್ನಡದಲ್ಲಿ ತಿಳಿಸಲು ತಂತ್ರಾಂಶ ನಿಜಕ್ಕೂ ನೆರವಾಗುತ್ತದೆ. ಉತ್ತರವನ್ನು ಮೂಲ ಪತ್ರದ ಸಾಲಿನೊಡನೆ ಹೋಲಿಸಿ ನೋಡಿಕೊಳ್ಳಬೇಕು.

2004ಕ್ಕಿಂತ ಹಿಂದಿನ ವಹಿವಾಟುಗಳ ಶೋಧನೆಗೆ ಸಂಬಂಧಪಟ್ಟ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು. ಅರ್ಜಿಯಲ್ಲಿ ಆಸ್ತಿಯ ಹಳೆಯ ಮತ್ತು ಹೊಸ ಸಂಖ್ಯೆಗಳೆರಡನ್ನೂ, ಚೆಕ್ಕುಬಂದಿಯನ್ನೂ ತಪ್ಪದೆ ನಮೂದಿಸುವುದು.