ಎಚ್‌ಡಿಆರ್ ಫೋಟೊ ಕೆಟ್ಟಿದ್ದು ಎಲ್ಲಿ? ಸ್ಲೈಡರ್ ಮುಟ್ಟೋ ಮೊದಲು ಇದನ್ನು ನೋಡಿ

ಇವತ್ತಿನ ಸಂಚಿಕೆ ಎಚ್‌ಡಿಆರ್ ಫೋಟೊಗಳ ಬಗ್ಗೆ. ಅದರಲ್ಲೂ, ಎಡಿಟ್ ಮಾಡಿದ ಮೇಲೆ ಅವು ಯಾಕೆ ಕೆಡುತ್ತವೆ ಅನ್ನೋದರ ಬಗ್ಗೆ.

ಬೇಲೂರಿನಂಥ ಹಳೇ ದೇವಸ್ಥಾನದ ಒಳಗೆ ನಿಂತು ಬಾಗಿಲ ಕಡೆಗೆ ಕ್ಯಾಮೆರಾ ಹಿಡೀರಿ. ಕಂಬದ ಕೆತ್ತನೆ ಕಾಣೋ ಹಾಗೆ ತೆಗೆದ್ರೆ ಹೊರಗಿನ ಅಂಗಳ ಬರೀ ಬಿಳಿ. ಅಂಗಳ ಕಾಣೋ ಹಾಗೆ ತೆಗೆದ್ರೆ ಕಂಬಗಳೆಲ್ಲ ಕಪ್ಪು. ನಮ್ಮ ಕಣ್ಣು ಎರಡನ್ನೂ ನಿಭಾಯಿಸುತ್ತೆ, ಕ್ಯಾಮೆರಾದ ಒಂದು ಫ್ರೇಮಿಗೆ ಅಷ್ಟು ಶಕ್ತಿ ಇಲ್ಲ. ಅದಕ್ಕೇ ಒಂದೇ ದೃಶ್ಯವನ್ನ ಬೇರೆ ಬೇರೆ ಬೆಳಕಿನಲ್ಲಿ ತೆಗೆದು ಸೇರಿಸ್ತೀವಿ. ಇದು ಹಳೇ ಉಪಾಯ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಆಕಾಶಕ್ಕೊಂದು, ಸಮುದ್ರಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಅಚ್ಚು ಹಾಕಿದ್ದರು.

ಫೋಟೊ ಚೆನ್ನಾಗಿ ಬಂದಿಲ್ಲ ಅಂದ ತಕ್ಷಣ ನಾವು ಮಾಡೋದು ಸ್ಲೈಡರ್ ಎಳೆಯೋದು. ನಾನು ಹೇಳೋದು, ಮೊದಲು ತಪ್ಪು ಎಲ್ಲಿ ಹುಟ್ಟಿತು ಅಂತ ಹುಡುಕಿ. ಇರೋದು ನಾಲ್ಕೇ ಜಾಗ: ತೆಗೆಯುವಾಗ, ಸೇರಿಸುವಾಗ, ತಿದ್ದುವಾಗ, ಕಳಿಸುವಾಗ. ಒಂದು ಕಡೆ ಆದ ತಪ್ಪನ್ನ ಇನ್ನೊಂದು ಕಡೆ ಸರಿ ಮಾಡೋಕೆ ಹೋದ್ರೆ ಫೋಟೊ ಇನ್ನಷ್ಟು ಕೆಡುತ್ತೆ.

ತೆಗೆಯುವಾಗ

ಬಾಗಿಲಾಚೆಯ ಬಿಳಿ ಜಾಗದ ಹೈಲೈಟ್ಸ್ ಇಳಿಸಿದ್ರೆ ಬೂದಿ ಬಳಿದ ಹಾಗೆ ಕಾಣ್ತಿದೆಯಾ? ನಿಮ್ಮ ಫ್ರೇಮ್‌ಗಳಲ್ಲಿ ಎಲ್ಲಕ್ಕಿಂತ ಕಪ್ಪಾಗಿರೋದನ್ನ ತೆರೆದು ನೋಡಿ. ಅದರಲ್ಲೂ ಆ ಜಾಗ ಬಿಳಿಯಾಗೇ ಇದ್ರೆ ಅಲ್ಲಿ ವಿವರವೇ ದಾಖಲಾಗಿಲ್ಲ. ಯಾವ ಆ್ಯಪ್ ಕೂಡ ಅದನ್ನ ವಾಪಸ್ ತರಲ್ಲ. ಬಿಳಿಯಾಗೇ ಬಿಟ್ಟುಬಿಡಿ, ಅದೇ ಸಹಜ.

ನೆರಳಿನಲ್ಲಿ ರವೆ ಚೆಲ್ಲಿದ ಹಾಗೆ ನಾಯ್ಸ್ ಇದ್ರೆ ಇದಕ್ಕೆ ಉಲ್ಟಾ. ಕತ್ತಲಿಗೆ ಬೇಕಾದಷ್ಟು ಬೆಳಕು ಯಾವ ಫ್ರೇಮಿನಲ್ಲೂ ಸಿಕ್ಕಿಲ್ಲ. ಸಾಮಾನ್ಯವಾಗಿ ಮೂರು ಫ್ರೇಮ್ ತೆಗೀತೀವಿ: ಒಂದು ಮಾಮೂಲಿ, ಒಂದು 2 ಸ್ಟಾಪ್ ಕಡಿಮೆ, ಒಂದು 2 ಸ್ಟಾಪ್ ಹೆಚ್ಚು. 2 ಸ್ಟಾಪ್ ಅಂದ್ರೆ 4 ಪಟ್ಟು ಬೆಳಕಿನ ವ್ಯತ್ಯಾಸ. ಒಳಗೆ ತುಂಬಾ ಕತ್ತಲಿದ್ರೆ ಇನ್ನೂ ಬೆಳಕಿರೋ ಒಂದು ಫ್ರೇಮ್ ಬೇಕಾಗುತ್ತೆ.

ಸ್ನ್ಯಾಪ್‌ಸೀಡ್‌ನ ಎಚ್‌ಡಿಆರ್ ಸ್ಕೇಪ್ ತುಂಬಾ ಜನ ಬಳಸ್ತಾರೆ. ಅದು ಫ್ರೇಮ್‌ಗಳನ್ನ ಸೇರಿಸಲ್ಲ, ಒಂದೇ ಫೋಟೊ ಮೇಲೆ ಹಾಕೋ ಫಿಲ್ಟರ್ ಅದು. ನಿಮ್ಮ ಫೋನ್ ಫೋಟೊ ತೆಗೆಯುವಾಗಲೇ ಹಲವು ಫ್ರೇಮ್ ಸೇರಿಸಿ ಎಚ್‌ಡಿಆರ್ ಮಾಡಿರಬಹುದು. ಅದರ ಮೇಲೆ ಮತ್ತೆ ಈ ಫಿಲ್ಟರ್ ಜೋರಾಗಿ ಹಾಕಿದ್ರೆ ನಾಯ್ಸ್, ಒರಟುತನ ಎರಡೂ ಎದ್ದು ಕಾಣುತ್ತೆ.

ಸೇರಿಸುವಾಗ

ಒಬ್ಬರೇ ಮನುಷ್ಯ ಇಬ್ಬರಾಗಿ, ಅರ್ಧ ಪಾರದರ್ಶಕವಾಗಿ ಕಾಣ್ತಾರಾ? ಮೊದಲು ಕಂಬ ನೋಡಿ. ಕಂಬವೂ ಎರಡಾಗಿದ್ರೆ ಕೈ ಅಲುಗಿದೆ, ಫ್ರೇಮ್‌ಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಆಟೊ ಅಲೈನ್ ಆನ್ ಮಾಡಿ ಮತ್ತೆ ಸೇರಿಸಿ. ಕಂಬ ಗಟ್ಟಿಯಾಗಿದ್ದು ಮನುಷ್ಯ ಮಾತ್ರ ಎರಡಾಗಿದ್ರೆ ಅದು ಘೋಸ್ಟಿಂಗ್. ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವೆ ಅವರು ನಡೆದು ಹೋಗಿದ್ದಾರೆ. ಗಾಳಿಗೆ ಆಡೋ ಎಲೆ, ಬಾವುಟದ ಕಥೆಯೂ ಇದೇ.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಇದಕ್ಕೆ ಡಿಘೋಸ್ಟ್ ಅನ್ನೋ ಆಯ್ಕೆ ಇದೆ: ನನ್, ಲೋ, ಮೀಡಿಯಂ, ಹೈ. ನಾನು ಲೋ ಇಂದ ಶುರು ಮಾಡ್ತೀನಿ. ನೇರವಾಗಿ ಹೈ ಇಡಬಾರದಾ ಅಂದ್ರೆ, ಘೋಸ್ಟ್ ತೆಗೆಯೋಕೆ ಸಾಫ್ಟ್‌ವೇರ್ ಆ ಜಾಗದಲ್ಲಿ ಫ್ರೇಮ್‌ಗಳನ್ನ ಬೆರೆಸೋದು ಬಿಟ್ಟು ಒಂದನ್ನೇ ನೆಚ್ಚಿಕೊಳ್ಳುತ್ತೆ. ಅಂದ್ರೆ ಅಷ್ಟು ಜಾಗದಲ್ಲಿ ಎಚ್‌ಡಿಆರ್‌ನ ಲಾಭ ಹೋಯ್ತು. ಕೆಲಸ ಮುಗಿಯೋ ಅಷ್ಟು ಮಾತ್ರ ಸಾಕು.

ತಿದ್ದುವಾಗ

ಗೋಪುರದ ಸುತ್ತ ಆಕಾಶದಲ್ಲಿ ಬೆಳ್ಳಗಿನ ಅಂಚು, ದೇವರ ಪಟದ ಪ್ರಭೆಯ ಹಾಗೆ. ಇದಕ್ಕೆ ಹೇಲೊ ಅಂತಾರೆ. ಗೋಪುರವನ್ನ ಬೆಳಗಿಸಿ ಆಕಾಶವನ್ನ ಕಪ್ಪು ಮಾಡೋಕೆ ಹೋದಾಗ ಸಾಫ್ಟ್‌ವೇರ್ ಸುತ್ತಲಿನ ಜಾಗ ನೋಡಿ ಲೆಕ್ಕ ಹಾಕುತ್ತೆ. ಎರಡೂ ಸೇರೋ ಅಂಚಿನಲ್ಲಿ ಆ ಲೆಕ್ಕ ಸೋರುತ್ತೆ. ಶ್ಯಾಡೋಸ್ ಪೂರ್ತಿ ಮೇಲೆ, ಹೈಲೈಟ್ಸ್ ಪೂರ್ತಿ ಕೆಳಗೆ, ಮೇಲಿಂದ ಕ್ಲ್ಯಾರಿಟಿ ಅಂತ ಇಟ್ಟಿದ್ರೆ ಮೂರನ್ನೂ ಅರ್ಧಕ್ಕೆ ತನ್ನಿ. ಆಕಾಶ ಇನ್ನೂ ಸಾಲದು ಅನಿಸಿದ್ರೆ ಅದಕ್ಕೆ ಮಾತ್ರ ಮಾಸ್ಕ್ ಹಾಕಿ ತಿದ್ದಿ.

ಫೋಟೊದಲ್ಲಿ ನಮ್ಮವರಿದ್ರೆ ಇನ್ನೂ ಹುಷಾರು. ಕಲ್ಲಿನ ಕೆತ್ತನೆಗೆ ಒಪ್ಪೋ ಕ್ಲ್ಯಾರಿಟಿ ಅಜ್ಜಿ ಮುಖಕ್ಕೆ ಒಪ್ಪಲ್ಲ. ಸುಕ್ಕೆಲ್ಲ ಬಿರುಕಾಗುತ್ತೆ, ಚರ್ಮ ಬೂದಿಯಾಗುತ್ತೆ. ಮುಖಕ್ಕೆ ಬೇರೆ ಮಾಸ್ಕ್ ಹಾಕಿ ಕ್ಲ್ಯಾರಿಟಿ ಇಳಿಸಿ.

ಕಳಿಸುವಾಗ

ನಿಮ್ಮ ಫೋನಲ್ಲಿ ಫಳಫಳ ಅಂತಿದ್ದ ಫೋಟೊ ಸ್ನೇಹಿತರ ಫೋನಲ್ಲಿ ಮಂಕು. ಇಲ್ಲಿ ಎಡಿಟಿಂಗ್ ತಪ್ಪಿಲ್ಲದೇ ಇರಬಹುದು. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಅಲ್ಟ್ರಾ ಎಚ್‌ಡಿಆರ್ ಅನ್ನೋ ಫೋಟೊ ಮಾದರಿ ಇದೆ. ಮಾಮೂಲಿ ಜೆಪೆಗ್ ಒಳಗೇ, ಯಾವ ಜಾಗ ಎಷ್ಟು ಹೆಚ್ಚು ಹೊಳೀಬೇಕು ಅನ್ನೋ ಒಂದು ನಕ್ಷೆ ಇರುತ್ತೆ. ಅದರ ಹೆಸರು ಗೇನ್ ಮ್ಯಾಪ್. ಸ್ಕ್ರೀನ್‌ಗೆ ಆ ಶಕ್ತಿ ಇಲ್ಲದಿದ್ರೆ, ಅಥವಾ ಫೋಟೊ ಕುಗ್ಗಿಸೋ ಆ್ಯಪ್ ಆ ನಕ್ಷೆ ಕಿತ್ತು ಹಾಕಿದ್ರೆ, ಉಳಿಯೋದು ಮಾಮೂಲಿ ಫೋಟೊ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಫೈಲ್ ಇದ್ದ ಹಾಗೇ ಹೋಗುತ್ತೆ. ಎಲ್ಲರ ಫೋನಲ್ಲೂ ಒಂದೇ ಥರ ಕಾಣ್ಬೇಕು ಅಂದ್ರೆ, ಲೈಟ್‌ರೂಮ್‌ನಲ್ಲಿ ಎಚ್‌ಡಿಆರ್ ಬಟನ್ ಆಫ್ ಮಾಡಿ, ಮಾಮೂಲಿ ಸ್ಕ್ರೀನಿಗೆ ತಕ್ಕ ಹಾಗೆ ತಿದ್ದಿ ಎಕ್ಸ್‌ಪೋರ್ಟ್ ಮಾಡಿ.

ಇನ್ನೊಂದು ಮಾತು. ಸೇರಿಸಿ ಆಯ್ತು ಅಂತ ಮೂಲ ಫ್ರೇಮ್‌ಗಳನ್ನ ಅಳಿಸಬೇಡಿ. ಡಿಘೋಸ್ಟ್ ಬದಲಿಸಿ ಮತ್ತೆ ಸೇರಿಸೋಕೆ ಅವೇ ಬೇಕು. ಜಾಗ ಸಾಲದಿದ್ರೆ ಬೇರೆ ಕಡೆ ಸೇವ್ ಮಾಡಿಡಿ. ದೇವಸ್ಥಾನ ಅಲ್ಲೇ ಇರುತ್ತೆ, ಆದ್ರೆ ಅವತ್ತು ಆ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮತ್ತೆ ಹಾಗೇ ನಿಲ್ತಾರೆ ಅನ್ನೋಕಾಗಲ್ಲ.

ಕತ್ತಲನ್ನ ಪೂರ್ತಿ ಓಡಿಸಲೂ ಬೇಡಿ. ದೇವಸ್ಥಾನದ ಒಳಗೆ ಕತ್ತಲಿರುತ್ತೆ, ಬಾಗಿಲಿಂದ ಬೆಳಕು ಬರುತ್ತೆ. ಮೂಲೆ ಮೂಲೆಯೂ ಟ್ಯೂಬ್‌ಲೈಟ್ ಹಾಕಿದ ಹಾಗೆ ಕಂಡ್ರೆ ಅದು ನಾವು ಹೋಗಿದ್ದ ಜಾಗ ಅನ್ಸಲ್ಲ. ಎಡಿಟ್ ಮುಗಿಸಿ ಫೋನ್ ಕೆಳಗಿಡಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಜಾಸ್ತಿ ಆಗಿದ್ರೆ ಆಗ ನಿಮಗೇ ಗೊತ್ತಾಗುತ್ತೆ.