ಒಂದೇ ಅಳತೆಯ ಬೆಳಕು

ಊರುಗಳಲ್ಲಿ ಭತ್ತವನ್ನು ಸೇರಿನಿಂದ ಅಳೆಯುತ್ತಿದ್ದ ಕಾಲವೊಂದಿತ್ತು. ತೆಕ್ಕಟ್ಟೆಯ ಒಂದು ಗದ್ದೆಯ ಬೆಳೆಯನ್ನು ಸೇರಿನ ಬಾಯಿಗೆ ಸಮನಾಗಿಯೂ, ಪಕ್ಕದ ಗದ್ದೆಯದನ್ನು ಶಿಖರವೇಳುವಂತೆಯೂ ತುಂಬಿ ಅಳೆದರೆ, ಯಾವುದು ಹೆಚ್ಚು ಬೆಳೆಯಿತೆಂದು ಹೇಳುವುದು ಹೇಗೆ? ಸೂಕ್ಷ್ಮದರ್ಶಕದ ಚಿತ್ರಗಳನ್ನು ಹೋಲಿಸುವಾಗಲೂ ಇಂತಹುದೇ ತೊಡಕು ಎದುರಾಗುತ್ತದೆ.

ಜೀವಕೋಶದ ಒಂದು ಪ್ರೋಟೀನಿಗೆ ಹೊಳೆಯುವ ಬಣ್ಣವನ್ನು ಅಂಟಿಸಿ, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮೆರಾದಿಂದ ಚಿತ್ರ ತೆಗೆಯುವ ಪದ್ಧತಿ ಇಂದು ಮಣಿಪಾಲ, ಬೆಂಗಳೂರುಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ವಾಸ್ತವವಾಗಿ ಕ್ಯಾಮೆರಾ ಬರೆದಿಡುವುದು ಅಂಕಿಗಳನ್ನು. 12 ಬಿಟ್ ಕ್ಯಾಮೆರಾ ಪ್ರತಿಯೊಂದು ಚುಕ್ಕೆಯ ಬೆಳಕನ್ನು 0ರಿಂದ 4095ರವರೆಗಿನ ಒಂದು ಅಂಕಿಯಾಗಿ ದಾಖಲಿಸುತ್ತದೆ. ಗಣಕದ ತೆರೆಯಾದರೋ ಸಾಮಾನ್ಯವಾಗಿ ಕಪ್ಪಿನಿಂದ ಬಿಳುಪಿನವರೆಗೆ 256 ಛಾಯೆಗಳನ್ನಷ್ಟೇ ತೋರಬಲ್ಲದು. ಆದುದರಿಂದ ಯಾವ ಅಂಕಿಯನ್ನು ಅಚ್ಚ ಕಪ್ಪಾಗಿಯೂ ಯಾವುದನ್ನು ಅಚ್ಚ ಬಿಳುಪಾಗಿಯೂ ತೋರಿಸಬೇಕೆಂಬುದನ್ನು ಗೊತ್ತುಮಾಡಲೇಬೇಕು. ಕಾಂಟ್ರಾಸ್ಟ್ ಹೊಂದಿಸುವುದೆಂದರೆ ಇದೇ.

ಈ ಕೆಲಸವನ್ನು ಗಣಕಕ್ಕೇ ಬಿಟ್ಟರೆ ಅದು ಪ್ರತಿ ಚಿತ್ರಕ್ಕೂ ಬೇರೆ ಬೇರೆ ಮಿತಿಯನ್ನು ಹಾಕುತ್ತದೆ. ಆ ಪ್ರೋಟೀನನ್ನು ತಗ್ಗಿಸಬೇಕಾದ ಔಷಧವೊಂದರ ಪರೀಕ್ಷೆ ನಡೆದಿದೆಯೆನ್ನೋಣ. ಔಷಧ ಕೊಡದ ಕೋಶಗಳಲ್ಲಿ ಅತ್ಯಂತ ಪ್ರಕಾಶಮಾನವಾದ ಚುಕ್ಕೆ 3200, ಕೊಟ್ಟವುಗಳಲ್ಲಿ 400. ಗಣಕವು ಎರಡನ್ನೂ 255ಕ್ಕೆ, ಅಂದರೆ ಅಚ್ಚ ಬಿಳುಪಿಗೆ, ಏರಿಸುತ್ತದೆ. ಎಂಟು ಪಾಲಿನ ವ್ಯತ್ಯಾಸ ಕಣ್ಣಿಗೆ ಮರೆಯಾಗಿ, ಫಲಕಾರಿಯಾದ ಔಷಧವೂ ನಿಷ್ಪ್ರಯೋಜಕವೆನಿಸುತ್ತದೆ. ಏನೂ ಇಲ್ಲದ ಬರಿಯ ಗಾಜಿನ ಪಟ್ಟಿಯನ್ನಿಟ್ಟರೂ, ಕ್ಯಾಮೆರಾದಲ್ಲಿಯೇ ಹುಟ್ಟುವ ಅಲ್ಪಸ್ವಲ್ಪ ಏರಿಳಿತವನ್ನು ಹಿಗ್ಗಿಸಿ ನಕ್ಷತ್ರರಾಶಿಯಂತೆ ತೋರಿಸುವುದುಂಟು!

ಎರಡಕ್ಕೂ 0ರಿಂದ 3200ರ ಒಂದೇ ಮಿತಿಯನ್ನು ಕೊಟ್ಟರೆ 400ರ ಚುಕ್ಕೆ ಸುಮಾರು 32ನೆಯ ಛಾಯೆಯಾಗಿ ಮಂಕಾಗಿ ಕಾಣುತ್ತದೆ. ಅದು ಮಂಕಾಗಿಯೇ ಕಾಣಬೇಕು. ಮಂಕು ಸಹಿಸದೆ ಮೇಲಿನ ಮಿತಿಯನ್ನು 400ಕ್ಕೆ ಇಳಿಸಿದರೆ, ಮೊದಲ ಚಿತ್ರದಲ್ಲಿ 400ನ್ನು ಮೀರಿದುದೆಲ್ಲ ಒಂದೇ ಬಿಳುಪಾಗಿ ವಿವರಗಳು ಅಳಿಯುತ್ತವೆ. ಇನ್ನು, ಚಿತ್ರ ತೆಗೆಯುವಾಗಲೇ ದೀಪದ ತೀವ್ರತೆಯೋ ಬೆಳಕಿಗೆ ಒಡ್ಡಿದ ಕಾಲವೋ ಬೇರೆಯಾಗಿದ್ದರೆ ಸಮಾನ ಮಿತಿಯಿಂದಲೂ ಪ್ರಯೋಜನವಿಲ್ಲ.

2004ರಲ್ಲಿ ‘ಜರ್ನಲ್ ಆಫ್ ಸೆಲ್ ಬಯಾಲಜಿ’ ಪತ್ರಿಕೆಯಲ್ಲಿ ಮೈಕ್ ರಾಸ್ನರ್ ಮತ್ತು ಕೆನೆತ್ ಯಮಾಡ ಎಂಬವರು ಈ ವಿಷಯವನ್ನು ವಿವರವಾಗಿ ಚರ್ಚಿಸಿದರು. ಕಾಂಟ್ರಾಸ್ಟನ್ನು ಬದಲಿಸುವುದೇ ತಪ್ಪೆಂದು ಅವರು ಹೇಳಲಿಲ್ಲ. ಬದಲಾವಣೆ ಇಡೀ ಚಿತ್ರಕ್ಕೆ ಅನ್ವಯವಾಗಬೇಕು, ಇರುವ ವಿವರವನ್ನು ಅಡಗಿಸಬಾರದು ಎಂದರು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ರೂಪಿಸಿದ ‘ಇಮೇಜ್ ಜೆ’ ಎಂಬ ಉಚಿತ ತಂತ್ರಾಂಶದಲ್ಲಿ ಮಿತಿಗಳನ್ನು ಸರಿಸಿದಾಗ ಬದಲಾಗುವುದು ತೆರೆಯ ಮೇಲಿನ ತೋರಿಕೆ ಮಾತ್ರ. ಆದರೆ ಅಲ್ಲಿಯೇ ಇರುವ ‘ಅಪ್ಲೈ’ ಗುಂಡಿಯನ್ನೊತ್ತಿದರೆ ಅಂಕಿಗಳೇ ಬದಲಾಗಿಬಿಡುತ್ತವೆ. ಆದುದರಿಂದ ಎಚ್ಚರವುಳ್ಳವರು ಮೂಲ ಚಿತ್ರವನ್ನು ಬೇರೆಯಾಗಿ ಕಾಪಾಡಿ, ಅಳತೆಯನ್ನೆಲ್ಲ ಆ ಮೂಲದ ಅಂಕಿಗಳ ಮೇಲೆಯೇ ನಡೆಸುತ್ತಾರೆ.